ಹನ್ನೊಂದು ಅಂದರು, ಹನ್ನೆರಡಾಗಿತ್ತು: ಒಂದು ಹಿಂಡಿನ ಕಂದು ರೋಗದ ಪ್ರಕರಣ

ದೀಪಾವಳಿ ಮುಗಿದು ಮೂರು ವಾರ ಆಗಿತ್ತು. ಬೆಳಿಗ್ಗೆ ನಮ್ಮ ಪಶು ದವಾಖಾನೆಯ ಬಾಗಿಲು ತೆಗೆಯುವಷ್ಟರಲ್ಲಿ ಕುರಿಗಾರ ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಗೊಬ್ಬರದ ಚೀಲ. ಚೀಲದಲ್ಲಿ ಏನಿದೆ ಅಂತ ಕೇಳುವ ಮೊದಲೇ ವಾಸನೆ ಬಂತು.

"ಹನ್ನೊಂದ ಆದುವ್ರಿ ಸಾಹೇಬ್ರ. ನಿನ್ನಿ ರಾತ್ರಿ ಎರಡ ಕಂದ ಹಾಕ್ಯಾವು. ಇದು ಅದರಾಗಿನ ಒಂದು."

ದಿನ ತುಂಬುವ ಮೊದಲೇ ಮರಿ ಬಿದ್ದರೆ ನಮ್ಮ ಕಡೆ ಕಂದು ಹಾಕಿತು ಅನ್ನುತ್ತಾರೆ. ಅದೇ ಮಾತಿನಿಂದ ಬ್ರುಸೆಲ್ಲೋಸಿಸ್‌ಗೆ ಕಂದು ರೋಗ ಅನ್ನುವ ಹೆಸರೂ ಬಂದಿದೆ. ಆದರೆ ಕಂದು ಹಾಕಿದ್ದೆಲ್ಲ ಕಂದು ರೋಗ ಅಲ್ಲ. ನಾನು ಎಡವಿದ್ದೂ ಅಲ್ಲಿಯೇ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಕಾಕಾ ಬಂದದ್ದು ಅದೇ ಮೊದಲಲ್ಲ. ಹದಿನೈದು ದಿನದ ಹಿಂದೆ, ಮೂರು ಕುರಿ ಕಂದು ಹಾಕಿದಾಗಲೇ ಬಂದಿದ್ದರು. ಅವರ ಊರು ಬಾದಾಮಿ ಕಡೆಯ ಗುಡ್ಡದ ಸಾಲಿನಲ್ಲಿದೆ. ಪ್ರತಿ ವರ್ಷ ಹಿಂಗಾರಿಗೆ ಹಿಂಡು ಹೊಡೆದುಕೊಂಡು ಬೀಳಗಿ ತಾಲೂಕಿನ ಕಬ್ಬಿನ ಹೊಲಗಳ ಕಡೆ ಇಳಿಯುತ್ತಾರೆ. ಹೊಲದಲ್ಲಿ ಕುರಿ ತರುಬುತ್ತಾರೆ, ಅಂದರೆ ರಾತ್ರಿ ಅಲ್ಲೇ ನಿಲ್ಲಿಸುತ್ತಾರೆ. ಗೊಬ್ಬರಕ್ಕೆ ಹೊಲದವರು ಜೋಳ, ದುಡ್ಡು ಕೊಡುತ್ತಾರೆ. ಕಬ್ಬು ಕಡಿಯುವ ಕಾಲಕ್ಕೆ ಕುರಿಗೆ ವಾಡಿ, ಅಂದರೆ ಕಬ್ಬಿನ ತುದಿಯ ಹಸಿರು ಸೋಗೆ, ಬೇಕಾದಷ್ಟು ಸಿಗುತ್ತದೆ. "ಒಣ ಗುಡ್ಡದಿಂದ ಬಂದು ಒಮ್ಮೆಲೇ ಹಸಿ ವಾಡಿ ತಿಂದಿವೆ, ಮೇಲೆ ದಾರಿಯ ದಣಿವು" ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಖನಿಜ ಮಿಶ್ರಣ ಕೊಟ್ಟೆ, ವಾಡಿ ಕಡಿಮೆ ಮಾಡಿ ಅಂದೆ, ಕಳಿಸಿದೆ. ಒಂದು ಹನಿ ರಕ್ತವನ್ನೂ ತೆಗೆಯಲಿಲ್ಲ. ಮೂರಕ್ಕೇ ಹಿಡಿಯಬಹುದಾದದ್ದನ್ನು ಹನ್ನೊಂದಕ್ಕೆ ತಂದವನು ನಾನು.

ಆ ದಿನ ಚೀಲ ನೋಡಿದಾಗ ಮಾತ್ರ ಮೈ ಸ್ವಲ್ಪ ಬಿಸಿಯಾಯಿತು. ಮರಿಗೆ ನಾಲ್ಕು ತಿಂಗಳಾಗಿತ್ತು, ಕೂದಲು ಬಂದಿತ್ತು. ಕುರಿಯ ಗಬ್ಬ ಸುಮಾರು 150 ದಿನ. ಕಂದು ರೋಗದ ರೋಗಾಣು ಬ್ರುಸೆಲ್ಲಾ ಹೆಚ್ಚಾಗಿ ಮರಿ ಬೀಳಿಸುವುದು ಕೊನೆಯ ಎರಡು ತಿಂಗಳಲ್ಲಿ. ಕ್ಲಮಿಡಿಯಾ, ಟೊಕ್ಸೊಪ್ಲಾಸ್ಮಾ ಎಂಬ ಬೇರೆ ರೋಗಾಣುಗಳು ಕೂಡ ಹೀಗೆಯೇ ಮಾಡಬಲ್ಲವು. ಕುರಿ, ಆಡುಗಳಿಗೆ ಹರಡುವ ಪಿಪಿಆರ್ ರೋಗ ಬಂದರೂ ಗಬ್ಬದ ಕುರಿ ಕಂದು ಹಾಕುತ್ತದೆ, ಆದರೆ ಅದರಲ್ಲಿ ಜ್ವರ, ಬಾಯಿಹುಣ್ಣು, ಭೇದಿ ಮುಂದೆ ಬರುತ್ತವೆ. ಈ ಹಿಂಡಿನಲ್ಲಿ ಕಂದು ಹಾಕಿದ ಕುರಿ ಮರುದಿನವೇ ಮೇಯಲು ಹೋಗುತ್ತಿತ್ತು. ಕಂದು ರೋಗದ ಮೋಸ ಅದೇ. ತಾಯಿಗೆ ಕಾಯಿಲೆ ಇದೆ ಅಂತ ಯಾರಿಗೂ ಅನ್ನಿಸುವುದಿಲ್ಲ.

ಅದೇ ಮಧ್ಯಾಹ್ನ ಹೊಲಕ್ಕೆ ಹೋದೆ. ಹಿಂಡಿನಲ್ಲಿ 122 ಹೆಣ್ಣು ಕುರಿ, 4 ಟಗರು, 9 ಆಡು, ಮೇಲೆ ಸಣ್ಣ ಮರಿಗಳು. ಆಡು ಇರುವುದು ಹಾಲಿಗೆ. ಹಿಂಡಿನ ಜೊತೆ ತಿರುಗುವ ಸಂಸಾರಕ್ಕೆ ಚಹಾದ ಹಾಲು, ಕೂಸಿನ ಹಾಲು ಎಲ್ಲ ಅವುಗಳದ್ದೇ.

"ಮೊದಲು ಬಿದ್ದದ್ದು ಯಾವಾಗ ಕಾಕಾ?"

"ದೀಪಾವಳಿ ಮುಂದ್ರಿ. ಹಟ್ಟಿ ಹಬ್ಬಕ್ಕ ಇನ್ನ ಎರಡ ದಿನ ಇತ್ತು."

ಅಷ್ಟರಲ್ಲಿ ಒಲೆ ಮುಂದಿದ್ದ ಸೊಸೆ ತಲೆ ಎತ್ತಿದರು. "ಆಡು ಹಾಕಿತ್ತಲ್ರೀ ಮಾವಾರ, ಗಣಪತಿ ಹಬ್ಬದಾಗ?"

"ಅದು ಆಡಲ್ಲೇನ. ಅವ್ರು ಕುರೀದು ಕೇಳಾಕತ್ತಾರ."

ಇಡೀ ಪ್ರಕರಣ ಆ ಎರಡು ಮಾತಿನಲ್ಲಿತ್ತು. ಶ್ರಾವಣದಲ್ಲಿ ಸಂತೆಯಿಂದ ಮೂರು ಗಬ್ಬದ ಆಡು ತಂದಿದ್ದರು. ಅಗ್ಗಕ್ಕೆ ಸಿಕ್ಕವು. ಗಬ್ಬದ ಆಡು ಯಾಕೆ ಅಗ್ಗ ಅಂತ ಯಾರೂ ಕೇಳಲಿಲ್ಲ. ಒಂದು ತಿಂಗಳಿಗೆ ಅದರಲ್ಲಿ ಒಂದು ಕಂದು ಹಾಕಿತು. ಮಾಸನ್ನು ನಾಯಿ ಎಳೆದುಕೊಂಡು ಕುರಿ ಕೂಡುವ ದಡ್ಡಿಯ ತುಂಬ ಓಡಾಡಿತು. ಆಡು ಹಾಲು ಕೊಡುತ್ತಲೇ ಇತ್ತು. ಮಗ ಬೆಳಿಗ್ಗೆ ಅದನ್ನು ಹಿಂಡಿ, ನೊರೆ ಆರುವ ಮೊದಲೇ ಕುಡಿಯುತ್ತಿದ್ದ. ಹನ್ನೊಂದು ಅಂದದ್ದು ಲೆಕ್ಕದಲ್ಲಿ ಹನ್ನೆರಡು.

ಮಗ ಎಲ್ಲಿ ಅಂತ ನೋಡಿದೆ. ಕಂಬಳಿ ಹೊದ್ದು ಮಲಗಿದ್ದ. ಇಪ್ಪತ್ತನಾಲ್ಕರ ಹುಡುಗ. ಸಂಜೆಯಾದರೆ ಜ್ವರ, ರಾತ್ರಿ ಕಂಬಳಿ ಒದ್ದೆಯಾಗುವಷ್ಟು ಬೆವರು, ಬೆಳಿಗ್ಗೆ ಏನೂ ಇಲ್ಲದವನ ಹಾಗೆ. ನಾಲ್ಕು ದಿನ ಬಿಟ್ಟು ಮತ್ತೆ ಶುರು. ಸೊಂಟ ನೋವಿಗೆ ಬೈಕ್ ಹತ್ತಲು ಆಗುತ್ತಿರಲಿಲ್ಲ. ಟೈಫಾಯ್ಡ್ ಅಂತ ಎರಡು ಸಲ ಸಲಾಯಿನ್ ಏರಿಸಿಕೊಂಡು ಬಂದಿದ್ದ. ಕಂದು ಹಾಕುವ ಕುರಿಗಳ ಮರಿಯನ್ನು ಬರಿಗೈಯಲ್ಲಿ ಎಳೆದು ತೆಗೆದವನೂ ಅವನೇ. ನನಗೆ ಕುರಿಗಿಂತ ಅವನ ಚಿಂತೆ ಜಾಸ್ತಿ ಆಯಿತು.

ರಕ್ತದ ಕೆಲಸಕ್ಕೆ ಎರಡು ಬೆಳಿಗ್ಗೆ ಹಿಡಿಯಿತು. ಕುರಿ ಹಿಡಿಯುವುದರಲ್ಲಿ ಕಾಕಾ ನಮ್ಮ ಸಿಬ್ಬಂದಿಗಿಂತ ಚುರುಕು. ಒಂದೊಂದಕ್ಕೂ ಕಿವಿಗೆ ನಂಬರಿನ ಓಲೆ ಹಾಕಿ, ಕುತ್ತಿಗೆಯ ರಕ್ತನಾಳದಿಂದ ರಕ್ತ ತೆಗೆದು, ನಳಿಕೆಯ ಮೇಲೆ ಅದೇ ನಂಬರ್ ಬರೆದೆವು. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ನಂಬರ್ ತಪ್ಪಿದರೆ ಪರೀಕ್ಷೆ ಇದ್ದೂ ಇಲ್ಲದ ಹಾಗೆ. ನೂರಾರು ಕರಿ ಕುರಿಗಳ ನಡುವೆ "ಆ ಮೂಲೆಯದು" ಅಂದರೆ ಯಾವುದು?

ನಮ್ಮಂಥ ಸಣ್ಣ ದವಾಖಾನೆಯಲ್ಲೂ ಆಗುವ ಪರೀಕ್ಷೆ ರೋಸ್ ಬೆಂಗಾಲ್. ಗುಲಾಬಿ ಬಣ್ಣದ ಆಂಟಿಜೆನ್, ಅಂದರೆ ಸತ್ತ ಬ್ರುಸೆಲ್ಲಾ ಇರುವ ದ್ರವ, ಒಂದು ಹನಿ, ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ, ಒಂದು ಹನಿ, ಬಿಳಿ ಹಲಗೆಯ ಮೇಲೆ ಕಲಸಿ ನಾಲ್ಕು ನಿಮಿಷ ತೂಗುತ್ತಾ ನೋಡಬೇಕು. ರೋಗದ ವಿರುದ್ಧ ಪ್ರತಿಕಾಯ ಇದ್ದರೆ ಹಾಲು ಒಡೆದಂತೆ ಗಂಟು ಗಂಟಾಗುತ್ತದೆ. ಇಲ್ಲದಿದ್ದರೆ ನುಣ್ಣಗೆ ಉಳಿಯುತ್ತದೆ. ದನಕ್ಕೆ ಎರಡೂ ಸಮ ಪಾಲು. ಕುರಿ, ಆಡಿಗೆ ಸೀರಂ ಮೂರು ಪಾಲು, ಆಂಟಿಜೆನ್ ಒಂದು ಪಾಲು ಹಾಕಬೇಕು, ಇಲ್ಲದಿದ್ದರೆ ರೋಗ ಇರುವ ಕೆಲವು ತಪ್ಪಿಸಿಕೊಳ್ಳುತ್ತವೆ. ಫ್ರಿಜ್‌ನಿಂದ ತೆಗೆದ ಕೂಡಲೇ ಮಾಡಬಾರದು, ತಣ್ಣಗಿನದು ಕೋಣೆಯ ಬಿಸಿಗೆ ಬರಬೇಕು. ಆಕಳ ಹಾಲಿಗೆ ಮಾಡುವ ಉಂಗುರ ಪರೀಕ್ಷೆ ಆಡಿನ ಹಾಲಿಗೆ ನಂಬುವಂಥದ್ದಲ್ಲ. ಸಿಬ್ಬಂದಿಯೊಬ್ಬರು ಅದನ್ನೇ ಮಾಡೋಣ, ಸುಲಭ ಅಂದಿದ್ದರು. ಬೇಡ ಅಂದೆ.

135ರಲ್ಲಿ 24 ಗಂಟು ಕಟ್ಟಿದವು. 19 ಹೆಣ್ಣು ಕುರಿ, 1 ಟಗರು, 4 ಆಡು. ಸಂತೆಯಿಂದ ಬಂದ ಮೂರೂ ಆಡು ಅದರಲ್ಲಿದ್ದವು. ಟಗರಿನ ಒಂದು ಬೀಜ ಊದಿತ್ತು. ಯಾವುದೋ ಒದ್ದಿದೆ ಅಂತ ಅರಿಶಿನ ಹಚ್ಚಿದ್ದರು. ಸೀರಂ ಮತ್ತು ಬಿದ್ದ ಮರಿಯ ಹೊಟ್ಟೆಯ ದ್ರವ ಬೆಂಗಳೂರಿನ ಪ್ರಯೋಗಾಲಯಕ್ಕೆ ಹೋದವು. ಅಲ್ಲಿಯೂ ಬ್ರುಸೆಲ್ಲಾ ಅಂತಲೇ ಬಂತು. ಆದರೆ ಕಂದು ಹಾಕಿದ ಕುರಿಗಳಲ್ಲಿ ಮೂರು ಪರೀಕ್ಷೆಯಲ್ಲಿ ನುಣ್ಣಗೆ ಉಳಿದವು. ಅವು ಬೇರೆ ಕಾರಣಕ್ಕೆ ಹಾಕಿರಬಹುದು. ಯಾರಿಗೆ ಗೊತ್ತು, ವಾಡಿಯ ಬಗ್ಗೆ ನಾನು ಹೇಳಿದ್ದು ಆ ಮೂರಕ್ಕೆ ಸರಿ ಇದ್ದಿರಲೂಬಹುದು!

ಫಲಿತಾಂಶ ಹೇಳಿದ ದಿನ ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು ಒಂದೇ. "ಇದಕ್ಕ ಸೂಜಿ ಇಲ್ಲೇನ್ರಿ? ಕರುಳುಬ್ಯಾನಿಗೆ ಹಾಕ್ತೀರಿ, ಪಿಪಿಆರ್‌ಗೆ ಹಾಕ್ತೀರಿ, ಕಾಲುಬಾಯಿಗೂ ಹಾಕ್ತೀರಿ. ಇದಕ್ಯಾಕ ಇಲ್ಲ?"

ಈ ಬರಹ ಬರೆಯುವಂತೆ ಮಾಡಿದ್ದು ಆ ಪ್ರಶ್ನೆ. ಕುರಿಗಾರರೆಲ್ಲರೂ ಇದನ್ನೇ ಕೇಳುತ್ತಾರೆ. ಅವತ್ತು ಹೊಲದ ಬದುವಿನಲ್ಲಿ ಕೂತು ಒಂದು ತಾಸು ಮಾತಾಡಿದೆವು. ಅದನ್ನೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಬ್ರುಸೆಲ್ಲೋಸಿಸ್‌ಗೆ ಸರ್ಕಾರಿ ಲಸಿಕೆ ಇದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಅದನ್ನು ಉಚಿತವಾಗಿ ಹಾಕುತ್ತೇವೆ. ಆದರೆ ಅದು ಆಕಳು, ಎಮ್ಮೆಗಳ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ, ಜೀವಮಾನದಲ್ಲಿ ಒಂದೇ ಸಲ. ಲಸಿಕೆಯ ಹೆಸರು ಎಸ್-19. ಅದರ ಕತೆಯೂ ಚೆನ್ನಾಗಿದೆ. 1923ರಲ್ಲಿ ಅಮೆರಿಕದಲ್ಲಿ ಬಕ್ ಎಂಬ ವಿಜ್ಞಾನಿ ಒಂದು ಜರ್ಸಿ ಆಕಳ ಹಾಲಿನಿಂದ ತೆಗೆದ ಬ್ರುಸೆಲ್ಲಾ ವರ್ಷಕ್ಕೂ ಮೇಲೆ ಹಾಗೇ ಹೊರಗೆ ಉಳಿದು, ತನ್ನ ಸಿಟ್ಟು ಕಳೆದುಕೊಂಡಿತ್ತು. ಆ ಸಾಧುವಾದ ತಳಿಯೇ ಎಸ್-19. ಅದು ದನದ ಬ್ರುಸೆಲ್ಲಾ. ವೈದ್ಯರು ಅದಕ್ಕೆ ಅಬಾರ್ಟಸ್ ಅನ್ನುತ್ತಾರೆ. ಕುರಿ, ಆಡುಗಳಲ್ಲಿ ಮುಖ್ಯವಾಗಿ ಬರುವುದು ಮೆಲಿಟೆನ್ಸಿಸ್ ಎಂಬ ಬೇರೆ ಜಾತಿ. ಮನುಷ್ಯರಿಗೆ ಎಲ್ಲಕ್ಕಿಂತ ಜೋರಾಗಿ ಬಡಿಯುವುದೂ ಅದೇ.

"ಹಂಗಾದ್ರ ಆ ಕರದ ಸೂಜೀನ ಒಂದೀಟ ಕಡಿಮಿ ಮಾಡಿ ಹಾಕ್ರಿ" ಅಂದರು ಕಾಕಾ. ಇದನ್ನೂ ತುಂಬ ಜನ ಕೇಳುತ್ತಾರೆ. ಕೇಳಿದ್ದು ತಪ್ಪಲ್ಲ, ಹಾಕಿದರೆ ತಪ್ಪು. ಅದು ಜೀವಂತ ಲಸಿಕೆ. ಕುರಿಗೆ ಅಂತ ಮಾಡಿದ್ದಲ್ಲ. ಗಬ್ಬದ ಕುರಿಗೆ ಬಿದ್ದರೆ ಲಸಿಕೆಯೇ ಕಂದು ಹಾಕಿಸಬಹುದು. ಮೇಲಾಗಿ, ಲಸಿಕೆ ಬಿದ್ದ ಕುರಿಯ ರಕ್ತವೂ ರೋಸ್ ಬೆಂಗಾಲ್‌ನಲ್ಲಿ ಗಂಟು ಕಟ್ಟುತ್ತದೆ. ನಾಳೆ ಯಾವುದು ರೋಗದ ಗಂಟು, ಯಾವುದು ಸೂಜಿಯ ಗಂಟು ಅಂತ ಬ್ರಹ್ಮನೂ ಹೇಳಲಾರ.

ಜೀವಂತ ಅಂದರೆ ಏನು ಅಂತ ನನ್ನ ಬೆರಳಿಗೆ ಗೊತ್ತು. ಕೆಲವು ವರ್ಷದ ಹಿಂದೆ ಕರುವಿಗೆ ಎಸ್-19 ಹಾಕುವಾಗ ಕರು ಜಿಗಿಯಿತು, ಸೂಜಿ ನನ್ನ ಎಡಗೈ ಬೆರಳಿಗೆ ಹೋಯಿತು. ವೈದ್ಯರ ಮಾತಿನಂತೆ ಮೂರು ವಾರ ಮಾತ್ರೆ ನುಂಗಿದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅವತ್ತಿನಿಂದ ಕನ್ನಡಕ, ಕೈಗವಸು ಇಲ್ಲದೆ ಆ ಬಾಟಲಿ ಮುಟ್ಟಿಲ್ಲ.

ಕುರಿ, ಆಡುಗಳ ಲಸಿಕೆ ಬೇರೆ ಇದೆ. ಹೆಸರು ರೆವ್-1. ಅದನ್ನು ತಿಳಿಯಲು ಮಾಲ್ಟಾ ದ್ವೀಪಕ್ಕೆ ಹೋಗಬೇಕು. ಅಲ್ಲಿನ ಬ್ರಿಟಿಷ್ ಸೈನಿಕರಿಗೆ ಬಂದುಹೋಗುವ ಜ್ವರ ಕಾಡುತ್ತಿತ್ತು. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯ ಅದರ ರೋಗಾಣು ಕಂಡುಹಿಡಿದ. ಬ್ರುಸೆಲ್ಲಾ ಅನ್ನುವ ಹೆಸರು ಅವನದ್ದೇ. ಆದರೆ ರೋಗ ಎಲ್ಲಿಂದ ಬರುತ್ತದೆ ಅಂತ ತಿಳಿಯಲು ಇನ್ನೂ ಹದಿನೆಂಟು ವರ್ಷ ಬೇಕಾಯಿತು. 1905ರಲ್ಲಿ ಜಮ್ಮಿತ್ ಎಂಬ ಮಾಲ್ಟಾದ ವೈದ್ಯ ಆರೋಗ್ಯವಾಗಿಯೇ ಕಾಣುವ ಆಡುಗಳ ರಕ್ತ ಪರೀಕ್ಷಿಸಿದ. ರೋಗ ಅವುಗಳಲ್ಲಿತ್ತು, ಹಾಲಿನಲ್ಲಿ ಇಳಿಯುತ್ತಿತ್ತು. ಕಾಕಾನ ಸೊಸೆ "ಆಡು ಹಾಕಿತ್ತಲ್ರೀ" ಅಂದಾಗ ನನಗೆ ನೆನಪಾದದ್ದು ಈ ಜಮ್ಮಿತ್.

1950ರ ದಶಕದಲ್ಲಿ ಎಲ್ಬರ್ಗ್ ಮತ್ತು ಅವರ ಜೊತೆಗಾರರು ಸ್ಟ್ರೆಪ್ಟೊಮೈಸಿನ್ ಔಷಧ ಇಲ್ಲದೆ ಬೆಳೆಯಲಾರದ ಒಂದು ಮೆಲಿಟೆನ್ಸಿಸ್ ತಳಿಯನ್ನು ತೆಗೆದರು. ಅದರಿಂದ, ಆ ಔಷಧ ಇಲ್ಲದೆಯೂ ಬೆಳೆಯುವ, ಆದರೆ ರೋಗ ಮಾಡುವ ಕಸುವು ಕಳೆದುಕೊಂಡ ತಳಿ ಹುಟ್ಟಿತು. ಅದೇ ರೆವ್-1. ಇಂದಿಗೂ ಸಣ್ಣ ಜಾನುವಾರುಗಳಿಗೆ ಜಗತ್ತು ಅಳತೆಗೋಲಾಗಿ ಹಿಡಿಯುವ ಲಸಿಕೆ ಅದು. ಅದರಲ್ಲಿ ಒಂದು ಮುಳ್ಳೂ ಇದೆ. ಆ ತಳಿ ಸ್ಟ್ರೆಪ್ಟೊಮೈಸಿನ್‌ಗೆ ಬಗ್ಗುವುದಿಲ್ಲ. ಲಸಿಕೆ ಹಾಕುವವನಿಗೇ ಸೂಜಿ ಚುಚ್ಚಿದರೆ, ಮನುಷ್ಯರ ಬ್ರುಸೆಲ್ಲೋಸಿಸ್‌ಗೆ ಕೊಡುವ ಒಳ್ಳೆಯ ಔಷಧಗಳಲ್ಲಿ ಒಂದು ಕೈಬಿಟ್ಟ ಹಾಗೆ.

ನಮ್ಮ ದವಾಖಾನೆಯ ಐಸ್ ಡಬ್ಬಿಗೆ ಅದು ಬರುವುದಿಲ್ಲ. ಕಾರ್ಯಕ್ರಮದಲ್ಲಿ ಕುರಿಯ ಕಂದು ರೋಗದ ಲಸಿಕೆ ಇಲ್ಲ, ಇದ್ದದ್ದನ್ನು ಇದ್ದ ಹಾಗೆ ಕಾಕಾಗೆ ಹೇಳಿದೆ. ಆದರೆ ನಾಳೆಯೇ ಬಂದರೂ ಈ ಹಿಂಡಿಗೆ ಕೂಡಲೇ ಹಾಕುವುದಿಲ್ಲ ಅಂತಲೂ ಹೇಳಿದೆ. ಅವರಿಗೆ ಅದು ಒಗಟಾಯಿತು.

ಯಾಕೆ ಅಂದರೆ, ರೆವ್-1 ಕೂಡ ಗಬ್ಬದ ಕುರಿಗೆ ಬಿದ್ದರೆ ಕಂದು ಹಾಕಿಸಬಹುದು, ಹಾಲಲ್ಲೂ ಇಳಿಯಬಹುದು. ಹಾಕಲು ಒಳ್ಳೆಯ ವಯಸ್ಸು 3ರಿಂದ 6 ತಿಂಗಳ ಮರಿ. ಚರ್ಮದ ಕೆಳಗೆ ಚುಚ್ಚುವುದಕ್ಕಿಂತ ಕಣ್ಣಿಗೆ ಒಂದು ಹನಿ ಬಿಡುವುದು ಉತ್ತಮ. ರಕ್ಷಣೆ ಅಷ್ಟೇ ಸಿಗುತ್ತದೆ, ರಕ್ತದಲ್ಲಿ ಪ್ರತಿಕಾಯ ಬಹುಕಾಲ ನಿಲ್ಲುವುದಿಲ್ಲ, ಆದ್ದರಿಂದ ಮುಂದಿನ ಪರೀಕ್ಷೆ ಕೆಡುವುದು ಕಡಿಮೆ. ರೋಗ ತುಂಬ ಹರಡಿದ ಸೀಮೆಯಲ್ಲಿ ಇಡೀ ಹಿಂಡಿಗೆ ಹಾಕುತ್ತಾರೆ, ಆದರೆ ಮರಿ ಹಾಕಿದ ಮೇಲೆ, ಮತ್ತೆ ಟಗರು ಹತ್ತುವ ಮೊದಲು. ನಮ್ಮ ಕಡೆ ಟಗರು ವರ್ಷವಿಡೀ ಹಿಂಡಿನಲ್ಲೇ ಇರುತ್ತದೆ. ಯಾವ ತಿಂಗಳು ನೋಡಿದರೂ ನಾಲ್ಕು ಗಬ್ಬ, ನಾಲ್ಕು ಬಾಣಂತಿ. ಲಸಿಕೆ ಬರುವ ದಿನಕ್ಕೆ ಕುರಿಗಾರರು ಮೊದಲು ಕಲಿಯಬೇಕಾದದ್ದು ಟಗರನ್ನು ಒಂದೆರಡು ತಿಂಗಳು ಬೇರೆ ಕಟ್ಟುವುದು. ನನ್ನ ಪ್ರಕಾರ ಲಸಿಕೆಗಿಂತ ಇದೇ ಕಷ್ಟ.

ಲಸಿಕೆ ಹಾಕಿದ ವರ್ಷವೇ ರೋಗ ನಿಲ್ಲುವುದೂ ಇಲ್ಲ. ಈಗಾಗಲೇ ಸೋಂಕು ಹೊತ್ತ ಕುರಿಯನ್ನು ಅದು ಗುಣ ಮಾಡುವುದಿಲ್ಲ. ಪ್ರತಿ ವರ್ಷದ ಮರಿಗಳಿಗೆ ಬಿಡದೆ ಹಾಕುತ್ತಾ ಹೋದರೆ, ಹಳೆಯ ಕುರಿಗಳು ತೀರುತ್ತಾ ಬಂದು, ಐದಾರು ವರ್ಷಕ್ಕೆ ಹಿಂಡೇ ಹೊಸದಾಗುತ್ತದೆ. ಮಂಗೋಲಿಯಾದಲ್ಲಿ 1975ರಿಂದ ದೊಡ್ಡ ಪ್ರಮಾಣದಲ್ಲಿ ಹಾಕಿದರು, ಜನರ ಜ್ವರ ಇಳಿಯಿತು. ಕೆಲಸ ನಿಂತ ಮೇಲೆ ರೋಗ ಮತ್ತೆ ಎದ್ದಿತು.

"ಕಣ್ಣಿಗೆ ಹನಿ. ಇಷ್ಟ ಏನ್ರಿ?" ಅಂದರು ಕಾಕಾ. ಇಷ್ಟೇ.

ಹಾಗಾದರೆ ಈಗ ಏನು ಮಾಡುವುದು? "ದೊಡ್ಡ ಸೂಜಿ" ಅಂತ ಅವರು ಕೇಳಿದ್ದು ಆಕ್ಸಿಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್. ಅದನ್ನೂ ಒಲ್ಲೆ ಅಂದೆ. ಬ್ರುಸೆಲ್ಲಾ ಜೀವಕೋಶದ ಒಳಗೆ ಹೊಕ್ಕು ಕೂರುತ್ತದೆ. ವಾರಗಟ್ಟಲೆ ಔಷಧ ಕೊಟ್ಟರೂ ಪೂರ್ತಿ ಹೋಗುವುದಿಲ್ಲ. ಖರ್ಚು ನಿಮ್ಮದು, ಔಷಧದ ಅಂಶ ಹಾಲಿನಲ್ಲಿ, ರೋಗ ಅಲ್ಲೇ.

ಉಳಿದದ್ದು ಬೇರ್ಪಡಿಸುವುದು. ಇದು ಹೇಳಲು ಒಂದು ಪದ, ಮಾಡಲು ಒಂದು ಚಳಿಗಾಲ. ಗಂಡಾಂತರ ಇರುವುದು ಈಯುವ ಹೊತ್ತಿನಲ್ಲಿ. ಮರಿ, ಮಾಸು, ನೀರು ಎಲ್ಲದರಲ್ಲೂ ಲೆಕ್ಕವಿಲ್ಲದಷ್ಟು ರೋಗಾಣು. ಒಮ್ಮೆ ಕಂದು ಹಾಕಿದ ಕುರಿ ಮುಂದಿನ ಸಲ ಸರಿಯಾಗಿ ಈಯುತ್ತದೆ, ಆದರೆ ಆಗಲೂ ರೋಗ ಚೆಲ್ಲುತ್ತದೆ. ಅದಕ್ಕೇ ಕುರಿಗಾರರು "ಈಗ ಆರಾಮ ಆಗೈತಿ" ಅಂತ ಇಟ್ಟುಕೊಳ್ಳುತ್ತಾರೆ. ಗಂಟು ಕಟ್ಟಿದ 24ರಲ್ಲಿ ಏಳು ಇನ್ನೂ ಗಬ್ಬ. ಅವನ್ನು ಕಡಿಯಲು ಕೊಡುವಂತಿಲ್ಲ, ಕಾನೂನೂ ಒಪ್ಪುವುದಿಲ್ಲ. ಹೊಲದ ಇನ್ನೊಂದು ತುದಿಯಲ್ಲಿ, ಗಾಳಿಯ ಕೆಳಗಿನ ದಿಕ್ಕಿಗೆ, ಎರಡನೇ ದಡ್ಡಿ ಮಾಡಿದೆವು. ಈದ ಜಾಗದ ಮಣ್ಣು ಕೆರೆದು, ಮಾಸು, ಸತ್ತ ಮರಿ ಎಲ್ಲ ನಾಲ್ಕು ಅಡಿ ಗುಂಡಿಗೆ, ಮೇಲೆ ಸುಣ್ಣ, ಅದರ ಮೇಲೆ ಕಾರಿಮುಳ್ಳು. ಮುಳ್ಳು ಕಾಕಾನ ಉಪಾಯ, ನಾಯಿ ಅಗೆಯಬಾರದು ಅಂತ. ನಾಯಿಗಳನ್ನು ರಾತ್ರಿ ಕಟ್ಟಿದರು. ತೋಳದ ಭಯಕ್ಕೆ ಅದೊಂದು ಅವರಿಗೆ ಒಪ್ಪಿಗೆ ಇರಲಿಲ್ಲ, ಎರಡು ವಾರ ಜಗಳ ಆಯಿತು. ಹಳೆ ದಡ್ಡಿಯ ಜಾಗವನ್ನು ಖಾಲಿ ಮಾಡಿ ಬಿಸಿಲಿಗೆ ಬಿಟ್ಟರು. ನೇರ ಬಿಸಿಲಿಗೆ ಈ ರೋಗಾಣು ಬೇಗ ಸಾಯುತ್ತದೆ. ನೆರಳು, ತೇವ, ಚಳಿ ಇದ್ದರೆ ತಿಂಗಳುಗಟ್ಟಲೆ ಉಳಿಯುತ್ತದೆ. ಕಬ್ಬಿನ ಹೊಲದ ಬದಿ ಅಂದರೆ ನೆರಳು, ತೇವ, ಚಳಿ ಮೂರೂ.

ಇನ್ನು ಮಾರುವ ಮಾತು. ನಮ್ಮ ಜಿಲ್ಲೆಯಲ್ಲಿ ಅಮೀನಗಡ, ಕೆರೂರ ಸಂತೆಗಳಿಗೆ ಕುರಿ ಹೊಡೆಯುವುದು ದೊಡ್ಡ ಮಾತಲ್ಲ. ಒಂದು ಶಬ್ದ ಹೇಳದೆ ಎಲ್ಲವನ್ನೂ ಮಾರಿ ಬರಬಹುದಿತ್ತು. ಅವರಿಗೆ ಮಾರಿದವರೂ ಅದನ್ನೇ ಮಾಡಿದ್ದರು. ಸತ್ತ ಕುರಿಗೆ ಸರ್ಕಾರದ ಅನುಗ್ರಹ ಯೋಜನೆಯಲ್ಲಿ ಪರಿಹಾರ ಉಂಟು. ಜೀವಂತ ಕುರಿಯನ್ನು ಹಲಗೆಯ ಮೇಲಿನ ಗುಲಾಬಿ ಗಂಟು ನೋಡಿ ತೆಗೆಯಿರಿ ಅಂದರೆ ಕೈಗೆ ಏನು ಕೊಡುವುದು? ನಾನು ಬರಿಗೈಯಲ್ಲಿ ಕೇಳುತ್ತಿದ್ದೆ. ಸಂತೆಯಲ್ಲಿ ಹತ್ತು ಸಾವಿರ ಬರುವ ಕುರಿಗೆ ಮಟನ್ ಅಂಗಡಿಯವರು ಆರೂವರೆ ಹೇಳಿದರು. ಚೆನ್ನಾಗಿ ಬೇಯಿಸಿದ ಮಾಂಸದಿಂದ ತೊಂದರೆ ಇಲ್ಲ. ಕಡಿಯುವವರಿಗೆ ತೊಂದರೆ ಇದೆ. ಕೈಗವಸು ಹಾಕಿಕೊಳ್ಳಿ, ಗರ್ಭಕೋಶ, ಕೆಚ್ಚಲು, ಬೀಜ ಹೂಳಿ ಅಂತ ಅಂಗಡಿಗೇ ಹೋಗಿ ಹೇಳಿದೆ. ಅವರು ತಲೆ ಆಡಿಸಿದರು. ಎಷ್ಟು ಮಾಡಿದರೋ.

24ರಲ್ಲಿ 22 ಹೀಗೆ ಎರಡು ಕಂತಿನಲ್ಲಿ ಹೋದವು, ಗಬ್ಬದವು ಈದ ಎಷ್ಟೋ ದಿನದ ಮೇಲೆ. ಒಂದು ಆಡು ಮಾತ್ರ ಒಂದು ದಿನ ಇರಲಿಲ್ಲ. ಎಲ್ಲಿ ಹೋಯಿತು ಅಂದೆ. ಕಾಕಾ ಆಕಾಶ ನೋಡಿದರು. ಇನ್ನೊಂದು ಕುರಿ ಸೊಸೆಯ ಬಳುವಳಿ. ತವರಿಂದ ಮರಿ ಇದ್ದಾಗ ಬಂದದ್ದು.

"ಅಣ್ಣಾರ, ಅದೊಂದ ಬಿಡ್ರಿ. ನಮ್ಮಪ್ಪ ಕೊಟ್ಟದ್ದು. ನಾ ಬ್ಯಾರೆ ಕಟ್ಟತೀನಿ."

ಬೇಡ ತಂಗಿ ಅಂದೆ. ಮತ್ತೆ ಅಂದೆ. ಮೂರನೇ ಸಲ ಅನ್ನಲಿಲ್ಲ. ಪುಸ್ತಕದ ಪ್ರಕಾರ ಅದು ತಪ್ಪು, ಗೊತ್ತಿದೆ.

ಮಗನ ಕಡೆ ಬರೋಣ. ಜಿಲ್ಲಾ ಕೇಂದ್ರದಲ್ಲಿ ರಕ್ತ ಪರೀಕ್ಷೆ ಆಯಿತು, ಬ್ರುಸೆಲ್ಲೋಸಿಸ್ ಅಂತ ಬಂತು. ಈ ರೋಗ ನಮ್ಮ ಭಾಗಕ್ಕೆ ಹೊಸದಲ್ಲ. ಪಕ್ಕದ ವಿಜಯಪುರದ ಒಂದು ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ 16 ವರ್ಷಗಳಲ್ಲಿ ಕಂಡ 495 ವಯಸ್ಕ ರೋಗಿಗಳ ವಿವರವನ್ನು ಅಲ್ಲಿನ ವೈದ್ಯರು 2006ರಲ್ಲೇ ಪ್ರಕಟಿಸಿದ್ದಾರೆ. ಆದರೂ ಬಂದುಹೋಗುವ ಜ್ವರ ಅಂದರೆ ಮೊದಲ ಊಹೆ ಟೈಫಾಯ್ಡ್. "ಮನೆಯಲ್ಲಿ ಕುರಿ ಇದೆಯಾ? ಕಂದು ಹಾಕಿವೆಯಾ?" ಅನ್ನುವ ಎರಡು ಪ್ರಶ್ನೆ ಸಾಕು, ಅಲ್ವಾ?

ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್ ಎರಡೂ ಆರು ವಾರ ಅಂತ ಬರೆದುಕೊಟ್ಟರು. ಹತ್ತು ದಿನಕ್ಕೆ ಜ್ವರ ಬಿಟ್ಟಿತು. ಮೂರನೇ ವಾರ ಹೋದಾಗ ಮಾತ್ರೆಯ ಪಟ್ಟಿ ಹಾಗೇ ಇತ್ತು. ಹುಡುಗ ನಾಚಿಕೊಂಡು, ನನ್ನನ್ನು ಬದಿಗೆ ಕರೆದು ಹೇಳಿದ. "ಸರ್, ಉಚ್ಚಿ ಕೆಂಪಗ ಬರಾಕತ್ತಿತ್ತು. ರಕ್ತ ಹೊಂಟೈತಿ ಅಂತ ಗುಳಿಗಿ ಬಿಟ್ಟೆ."

ರಿಫಾಂಪಿಸಿನ್ ನುಂಗಿದರೆ ಮೂತ್ರ, ಬೆವರು ಎಲ್ಲ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದರಿಂದ ಏನೂ ಆಗುವುದಿಲ್ಲ. ಮಾತ್ರೆ ಕೊಟ್ಟವರು ಈ ಒಂದು ಮಾತು ಹೇಳಿರಲಿಲ್ಲ. ನನಗೆ ಗೊತ್ತಿತ್ತು, ಮೂರು ವಾರ ನಾನೇ ನೋಡಿದ ಬಣ್ಣ ಅದು. ನಾನೂ ಹೇಳಿರಲಿಲ್ಲ. ಮಾತ್ರೆ ನಡುವೆ ಬಿಟ್ಟದ್ದಕ್ಕೆ ಜ್ವರ ಮರಳಿತು. ಮತ್ತೆ ಮೊದಲಿನಿಂದ ಆರು ವಾರ. ಈ ಸಲ ಸೊಸೆ ದಿನಾ ಎದುರಿಗೆ ನಿಂತು ನುಂಗಿಸಿದರು. ಅವರದ್ದೂ ಕೂಸಿನದ್ದೂ ರಕ್ತ ನೋಡಿಸಿದೆವು, ಇಬ್ಬರೂ ಪಾರು. ಕೂಸಿಗೆ ಮೊದಲಿನಿಂದಲೂ ಕಾಸಿದ ಹಾಲನ್ನೇ ಕೊಡುತ್ತಿದ್ದರಂತೆ, ಹಸಿ ಹಾಲಿಗೆ ಶೀತ ಆಗುತ್ತದೆ ಅಂತ. ಕಾರಣ ಬೇರೆ, ಫಲ ಸರಿ.

ಒಂದೇ ಪರೀಕ್ಷೆ ನಂಬಿ ಕೂರುವಂತಿಲ್ಲ. ಆಗಷ್ಟೇ ಸೋಂಕು ತಗುಲಿದ ಕುರಿಯ ರಕ್ತ ಮೊದಲ ವಾರಗಳಲ್ಲಿ ಏನೂ ತೋರಿಸುವುದಿಲ್ಲ. 45 ದಿನ ಬಿಟ್ಟು ನುಣ್ಣಗೆ ಉಳಿದಿದ್ದ 111ನ್ನೂ ಮತ್ತೆ ಹಿಡಿದೆವು. ಇನ್ನೂ 6 ಗಂಟು ಕಟ್ಟಿದವು. ಕಾಕಾ ಸೊಂಟದ ಮೇಲೆ ಕೈ ಇಟ್ಟು ನಿಂತರು. ಈ ಸಲ ಚೌಕಾಸಿ ಇಲ್ಲದೆ ಮಟನ್ ಅಂಗಡಿಯವರಿಗೆ ತಾವೇ ಫೋನ್ ಮಾಡಿದರು. ಆ ಹಂಗಾಮಿನಲ್ಲಿ ಒಟ್ಟು 16 ಕುರಿ, 2 ಆಡು ಕಂದು ಹಾಕಿದವು. ಮರುವರ್ಷ ಎರಡು ಕುರಿ ಹಾಕಿದವು. ಒಂದರ ರಕ್ತದಲ್ಲಿ ರೋಗ ಇತ್ತು, ಒಂದರಲ್ಲಿ ಇರಲಿಲ್ಲ. ಬಳುವಳಿ ಕುರಿ ಬೇರೆ ಗೂಟದಲ್ಲಿ ಸಲೀಸಾಗಿ ಈಯಿತು. ಮಾಸು ಹೂಳಿದ್ದನ್ನು ಸೊಸೆ ನನಗೆ ಫೋಟೊ ತೆಗೆದು ಕಳಿಸಿದರು.

ಹೊಸ ಕುರಿ ತಂದರೆ ಒಂದು ತಿಂಗಳು ಬೇರೆ ಕಟ್ಟುವುದು, ಮೊದಲು ರಕ್ತ ನೋಡಿಸುವುದು ಅಂತ ಕಾಕಾ ಒಪ್ಪಿದ್ದಾರೆ. ಗಬ್ಬದ ಆಡು ಅಗ್ಗಕ್ಕೆ ಕಂಡರೆ ಈಗ ದೂರದಿಂದಲೇ ಕೈ ಮುಗಿಯುತ್ತಾರೆ. ಪಿಪಿಆರ್ ಸೂಜಿಗೆ ಹೋದಾಗಲೆಲ್ಲ ನನ್ನ ಡಬ್ಬಿಯೊಳಗೆ ಇಣುಕಿ, "ಆ ಕಣ್ಣಿನ ಹನಿ ಬಂತೇನ್ರಿ?" ಅನ್ನುತ್ತಾರೆ. ಇನ್ನೂ ಇಲ್ಲ ಕಾಕಾ ಅನ್ನುತ್ತೇನೆ.

ಅದೇ ಹೊಲಗಳಲ್ಲಿ ತರುಬುವ ಇನ್ನೂ ಮೂರು ಹಿಂಡುಗಳಿವೆ. ನೀರು ಕುಡಿಯುವ ಜಾಗ ಒಂದೇ, ಟಗರುಗಳೂ ಆಚೆ ಈಚೆ ಹೋಗಿಬರುತ್ತವೆ. ಎರಡು ಹಿಂಡಿನವರು ರಕ್ತ ಕೊಟ್ಟರು. ಮೂರನೆಯವರು ಕೊಡಲಿಲ್ಲ. "ನಂಬರ್ ಹಚ್ಚಿದ ಕುರಿ ಅಂತ ಸುದ್ದಿ ಆದ್ರ ಸಂತ್ಯಾಗ ಯಾರ್ ಮುಟ್ಟತಾರ್ರೀ?" ಅಂದಿದ್ದರು. ಅವರ ಮಾತು ಸುಳ್ಳೇನೂ ಅಲ್ಲ.

ಯುಗಾದಿ ಆದ ಮೇಲೆ ಒಂದು ರಾತ್ರಿ ಅವರದ್ದೇ ಫೋನ್. ನಾಲ್ಕು ಬಿದ್ದಿವೆಯಂತೆ. ಸರ್ಕಾರಿ ಗಾಡಿ ತರಬೇಡಿ, ಬೈಕಿನ ಮೇಲೆ ಬನ್ನಿ, ಬೀಗರ ಮನೆಗೆ ಬಂದ ಹಾಗೆ ಬನ್ನಿ ಅಂದರು. ಸೋಮವಾರ ಬರುತ್ತೇನೆ ಅಂದಿದ್ದೇನೆ. ಅಷ್ಟರೊಳಗೆ ಗುಲಾಬಿ ಬಾಟಲಿಯಲ್ಲಿ ಎಷ್ಟು ಉಳಿದಿದೆ ನೋಡಿಕೊಳ್ಳಬೇಕು.